ತಾರಸಿಯ ಮೇಲೆ ನಾಟಿ

ಹೊಸನಗರ
8-7-2024, ಸೋಮವಾರ

ಸಿಟ್ಟು ಮಾಡಿಕೊಂಡು ಹೋದ ಸ್ವಪ್ನಾಳಿಗೆ, ಅಜ್ಜಿ ಕನ್ನಮ್ಮನ ಆಶೀರ್ವಾದ.

ಹೇಗಿದ್ದೀಯೆ? ತೀರ್ಥಹಳ್ಳಿಯ ಥಂಡಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿರಬೇಕು. ಕಾಳುಮೆಣಸಿನ ಕಷಾಯ ಕುಡಿ. ನಿನ್ನ ಅಮ್ಮನೇ ಮಾಡಿಕೊಡಲಿ, ತವರಿಗೆ ಹೋದದ್ದಕ್ಕೆ ಅಷ್ಟಾದರೂ ಲಾಭವಾಗಲಿ. ಅಪ್ಪನ ಮಂಡಿನೋವು ಹೇಗಿದೆ? ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ಕ್ಷೇಮವೇನೂ ಇಲ್ಲ. ಈ ಮನೆಯಿಂದ ಯಾರು ಫೋನ್ ಮಾಡಿದರೂ ನೀನು ಎತ್ತುತ್ತಿಲ್ಲ. ನೀನು ವಾಪಸ್ಸು ಬರುತ್ತೀಯೋ ಇಲ್ಲವೋ ಎಂದು ಕೇಳುವ ಧೈರ್ಯ ನಿನ್ನ ಗಂಡನಾದ ನನ್ನ ಮೊಮ್ಮಗನಿಗೂ ಇಲ್ಲ, ನಿನ್ನ ಅತ್ತೆಗೂ ಇಲ್ಲ. ಕಡೆಗೆ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ಪೆನ್ನು ಹಿಡಿಯಬೇಕಾಯಿತು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಈ ಮನೆಯಲ್ಲಿ ನಗು ಮಾಡಿದ ಅನಾಹುತ ಸಾಕು.

ನೀನು ಸಾಮಾನು ಕೋಣೆ ಖಾಲಿ ಮಾಡಿ, ಟ್ರೇ ಜೋಡಿಸಿ, ಟ್ಯೂಬ್‌ಲೈಟ್ ಕಟ್ಟಿ, ಮೈಕ್ರೋಗ್ರೀನ್ಸ್ ಎಂಬ ಸೊಪ್ಪು ಬೆಳೆಯುತ್ತೇನೆ ಎಂದಾಗ "ಮನೆಯೊಳಗೆ ಎಂತ ಬೆಳಿತಿ ಮಾರಾಯ್ತಿ, ಅಣಬೆಯಾ?" ಎಂದವಳು ನಾನೇ. ಆದರೆ ಬೀಜ ಮೊಳೆತ ಮೇಲೆ ದಿನಾ ಹೋಗಿ ನೋಡಿದವಳೂ ನಾನೇ. ಸೂರ್ಯಕಾಂತಿ ಸಸಿಗಳು ತಲೆಯ ಮೇಲೆ ಸಿಪ್ಪೆಯ ಟೋಪಿ ಇಟ್ಟುಕೊಂಡು ಶಾಲೆಗೆ ಹೊರಟ ಮಕ್ಕಳ ಹಾಗೆ ನಿಂತಿದ್ದವು. ಆಗುಂಬೆಯ ಹೋಮ್‌ಸ್ಟೇಯವರು ರುಚಿ ನೋಡಿ ಒಪ್ಪಿದರೆ ವಾರವಾರ ಅವರಿಗೆ ಕೊಡುವುದು ಎಂದು ನೀನು ಹೇಳಿದ್ದು ಗೊತ್ತು. ಎರಡೆಲೆ ಬಿಟ್ಟ ಕೂಡಲೇ ಕತ್ತರಿಸುವುದು ಎಂದು ಮಾತ್ರ ಹೇಳಿರಲಿಲ್ಲ. ಹೇಳಿದ್ದರೂ ನನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ. ನೀನು ಸೊಪ್ಪು ತುಂಬುವ ಡಬ್ಬಿ ತರಲು ಸಾಗರಕ್ಕೆ ಹೋದ ದಿನ ನೋಡುತ್ತೇನೆ, ಒಂದರ ಮೈಮೇಲೊಂದು ಬಿದ್ದು ಪಾಪ ಅವಕ್ಕೆ ಉಸಿರಾಡಲಿಕ್ಕೂ ಜಾಗವಿಲ್ಲ. ಮದುವೆಗೆ ಮುಂಚಿನಿಂದ ಗದ್ದೆಯಲ್ಲಿ ಬಗ್ಗಿದವಳು ನಾನು. ಒತ್ತಾಗಿ ಎದ್ದ ಸಸಿ ಕಂಡರೆ ಕಿತ್ತು ಬೇರೆ ಕಡೆ ನೆಡಬೇಕು, ನನಗೆ ಗೊತ್ತಿರುವುದು ಅಷ್ಟೇ. ಬೇರು ಹರಿಯದ ಹಾಗೆ ಕಿತ್ತೆ. ತಾರಸಿಯ ಮೇಲೆ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ, ಗೇಣು ಅಂತರ ಬಿಟ್ಟು ಸಾಲು ಹಿಡಿದು ನೆಟ್ಟೆ. ಸೊಂಟ ಬಿದ್ದುಹೋಯಿತು. ನೀನು ಬಂದು ಹೊಗಳುತ್ತೀಯ ಎಂದು ಚಾ ಕೂಡ ಕುಡಿಯದೆ ಕಾದೆ.

ನೀನು ಕೂಗಾಡಲಿಲ್ಲ. ಖಾಲಿ ಟ್ರೇ ನೋಡಿ, "ನಾಳೆ ಬೆಳಿಗ್ಗೆ ಆಗುಂಬೆಯವ್ರಿಗೆ ಎಂತ ಕೊಡ್ಲಿ ಅಜ್ಜಿ?" ಎಂದೆ, ಅಷ್ಟೇ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಗಂಡ ದುರ್ಗೇಶ ಪಕ್ಕದ ಮನೆಯ ಶಿವಮೂರ್ತಿಯನ್ನು ಕರೆದ. "ಬನ್ನಿ ಬನ್ನಿ, ನಮ್ಮಜ್ಜಿ ತಾರಸಿ ಮೇಲೆ ನಾಟಿ ಮುಗ್ಸಿದಾರೆ, ಇನ್ನು ಕೊಯ್ಲಿಗೆ ಆಳು ಹೇಳೋದೊಂದು ಬಾಕಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಿನ್ನ ಮುಖ ನಾನು ನೋಡಿದೆ, ಅವನು ನೋಡಲಿಲ್ಲ. ಮರುದಿನ ನೀನು ಬಸ್ಸು ಹತ್ತಿದ್ದು ನಾನು ಕಿತ್ತದ್ದಕ್ಕಲ್ಲ, ಅವನು ನಕ್ಕದ್ದಕ್ಕೆ. ಇದನ್ನು ಅವನಿಗೆ ಹೇಳಿದ್ದೇನೆ. ಯಾವ ಮಾತಿನಲ್ಲಿ ಹೇಳಿದೆ ಎಂದು ಕಾಗದದಲ್ಲಿ ಬರೆಯುವ ಹಾಗಿಲ್ಲ.

ನಾನು ನೆಟ್ಟ ಸಸಿಗಳನ್ನು ಆರಿದ್ರಾ ಮಳೆ ಎರಡೇ ಏಟಿಗೆ ಮಲಗಿಸಿತು. ಆಮೇಲೆ ನಿನ್ನ ಬೀಜದ ಡಬ್ಬಿ ತೆಗೆದು ಮತ್ತೆ ಬಿತ್ತಿದೆ. ತೆಂಗಿನ ನಾರಿನ ಪುಡಿ ನೆನೆಸಿ ಹರಡಿ, ಬೀಜ ಉದುರಿಸಿ, ಮೇಲೊಂದು ಟ್ರೇ ಕವುಚಿ ಕತ್ತಲಲ್ಲಿಟ್ಟೆ. ನೀನು ಮಾಡುವಾಗ ನೋಡಿದ್ದೆನಲ್ಲ. ಟ್ರೇ ಎತ್ತಿದಾಗ ಬಿಳಿ ನೂಲಿನಂಥದ್ದು ಕಂಡು, ಬೂಷ್ಟು ಬಂತು ಎಂದು ಚೆಲ್ಲಲು ಹೊರಟೆ. ನಿನ್ನ ಅತ್ತೆ ಆಶಾ ಓಡಿ ಬಂದಳು. "ತಡೀರಿ ಅತ್ತೆ, ಅದು ಬೇರಿನ ಕೂದ್ಲು. ನೀರು ಚಿಮುಕ್ಸಿದ್ರೆ ಕಾಣ್ಸಲ್ಲ ಅಂತ ಸ್ವಪ್ನಾ ಹೇಳಿದ್ಲು." ನಿನ್ನ ಮಾತನ್ನು ಅವಳು ಅಷ್ಟು ಕಿವಿಗೊಟ್ಟು ಕೇಳುತ್ತಿದ್ದಳು ನೋಡು. ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದುರ್ಗೇಶ ಎದ್ದ ಕೂಡಲೇ ಹೋಗಿ ಲೈಟು ಹಾಕುತ್ತಾನೆ, ಕುಕ್ಕರಗಾಲಲ್ಲಿ ಕೂತು ನೀರು ಚಿಮುಕಿಸುತ್ತಾನೆ. ಯಾರೂ ಹೇಳಿಲ್ಲ. ನಗುವುದಿಲ್ಲ, ಮಾತೂ ಇಲ್ಲ. ಗಂಡಸು ಹೀಗೆ ಸದ್ದಿಲ್ಲದೆ ಓಡಾಡಿದರೆ ಬೆಕ್ಕು ಸಾಕಿದ ಹಾಗಿರುತ್ತದೆ, ನನಗೆ ಸೇರುವುದಿಲ್ಲ.

ಸೊಪ್ಪು ಈಗ ನಿನ್ನ ಲೆಕ್ಕಕ್ಕೆ ಸರಿಯಾಗಿ ಎದ್ದಿದೆ. ನಿನ್ನೆ ಆಶಾ ಕತ್ತರಿ ತಂದಳು, ನಾನು ಬೇಡ ಎಂದೆ. ಎರಡೆಲೆಯ ಸಸಿಗೆ ಕತ್ತರಿ ಇಡಲು ನನ್ನ ಕೈ ಏಳುವುದಿಲ್ಲ. ಈ ಕೆಲಸ ಹಿಡಿದವಳು ನೀನು, ಕೊಯ್ಯುವವಳೂ ನೀನೇ. ಆಗುಂಬೆಯವರಿಗೆ ಫೋನ್ ಹಚ್ಚಿಸಿಕೊಂಡು, "ನಮ್ಮ ಹುಡುಗಿ ತವ್ರಿಗೆ ಹೋಗಿದಾಳೆ, ಬಂದ ಕೂಡ್ಲೆ ತರ್ತಾಳೆ, ಎಲ್ಲಿ ಹೋಗ್ತದೆ ನಿಮ್ಮ ಹೋಮ್‌ಸ್ಟೇ?" ಎಂದೆ. ಗುರುವಾರದವರೆಗೆ ಕಾಯುತ್ತಾರಂತೆ. ಬರುವುದು ಬಿಡುವುದು ನಿನ್ನಿಷ್ಟ. ಸೊಪ್ಪು ಬಲಿತರೆ ದನವೂ ಮೂಸುವುದಿಲ್ಲ, ಅದು ನಿನಗೇ ಗೊತ್ತು.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಏನೂ ಕೇಳದೆ ನಿನ್ನನ್ನು ಇಷ್ಟು ದಿನ ಇಟ್ಟುಕೊಂಡರಲ್ಲ, ಅದು ದೊಡ್ಡ ಗುಣ. ದೇವರು ನಿನಗೆ ಆರೋಗ್ಯ ಕೊಡಲಿ, ನಿನ್ನ ಗಂಡನಿಗೆ ಬುದ್ಧಿ ಕೊಡಲಿ.

ನಿನ್ನ ಬಾಯಿಬಡುಕಿ ಅಜ್ಜಿ,
ಕನ್ನಮ್ಮ

ಗಡಿಬಿಡಿಯಲ್ಲಿ ಇನ್ನೊಂದು ಮಾತು: ಲಕೋಟೆ ಅಂಟಿಸುವಾಗ ದುರ್ಗೇಶ ಬಂದು, "ಪೋಸ್ಟಿಗೆ ಹಾಕ್ಬೇಡ ಅಜ್ಜಿ, ನಾನೇ ಕೊಟ್ಟು ಬರ್ತೀನಿ" ಎಂದು ಅಂಗಿ ತೊಡುತ್ತಿದ್ದಾನೆ. ಕೊಡೆ ಹಿಡಿದುಕೋ ಎಂದರೆ ಕೇಳುತ್ತಿಲ್ಲ, ಮಂಕ. ನೀನು ಇದನ್ನು ಓದುವ ಹೊತ್ತಿಗೆ ನಿಮ್ಮ ಗೇಟಿನ ಹತ್ತಿರ ನೆನೆಯುತ್ತಾ ನಿಂತಿರುತ್ತಾನೆ. ಕರೆಯದೆ ಒಳಗೆ ಬರುವಷ್ಟು ಮುಖ ಅವನಿಗಿಲ್ಲ. ಮೊದಲು ಒಳಗೆ ಕರೆದು ತಲೆ ಒರೆಸಿಕೊಳ್ಳಲು ಟವೆಲು ಕೊಡು. ಬೈಯುವುದೇನಿದ್ದರೂ ಬಸ್ಸಿನಲ್ಲಿ ಬೈದು ಮುಗಿಸು, ಹೊಸನಗರದವರೆಗೆ ದಾರಿ ಬೇಕಾದಷ್ಟಿದೆ.