ನೀನು ಎತ್ತಿಕೊಂಡು ಹೋದ ಅಳು

ಹೊಮೊಲ್ಯೆ, ೧೯೮೭ ಅಕ್ಟೋಬರ್ ೧೮

ಪ್ರೀತಿಯ ತಮ್ಮ ವುಲೆಗೆ,

ನಿನ್ನ ಹೊಟ್ಟೆಹುಣ್ಣು ಹೇಗಿದೆ? ಬೆಲ್‌ಗ್ರೇಡಿನಲ್ಲಿ ಬರೀ ಕಾಫಿ ಕುಡಿದುಕೊಂಡು ಸಂಗೀತ ಬರೆಯುತ್ತ ಕೂರಬೇಡ, ಹೊತ್ತಿಗೆ ಸರಿಯಾಗಿ ಒಂದು ಬಟ್ಟಲು ಸೂಪಾದರೂ ಕುಡಿ. ನಾನು ಗಟ್ಟಿಯಾಗಿದ್ದೇನೆ. ಮಂಡಿನೋವು ಹಾಗೇ ಇದೆ, ಕುರಿಗಳು ಮೈತುಂಬಿಕೊಂಡಿವೆ, ಪ್ಲಮ್ ಈ ಸಲ ಕೊಂಬೆ ಮುರಿಯುವಷ್ಟು ಬಿಟ್ಟಿತ್ತು. ಅಮ್ಮ ಹೋಗಿ ಎಂಟು ತಿಂಗಳಾಯಿತು. ವರ್ಷ ತುಂಬುವ ತನಕ ನನ್ನ ತಲೆಯ ಮೇಲೆ ಕಪ್ಪು ವಸ್ತ್ರ, ರೇಡಿಯೊ ಮೇಲೂ ಕಪ್ಪು ವಸ್ತ್ರ.

ನಿನ್ನ ಕಾಗದ ಬಂತು. ಅಮ್ಮನ ನಲವತ್ತನೆಯ ದಿನ ಗೋರಿಯ ಮುಂದೆ ನಾನು ಹಾಡಿಕೊಂಡು ಅತ್ತದ್ದನ್ನು ನೀನು ಕೋಟಿನೊಳಗಿನ ಟೇಪ್ ರೆಕಾರ್ಡರಿನಲ್ಲಿ ಹಿಡಿದುಕೊಂಡು ಹೋದೆ. ಅದನ್ನು ಅರವತ್ತು ಜನರ ವಾದ್ಯಮೇಳಕ್ಕೆ ಕೂರಿಸಿದೆ. ಈಗ ಬರುವ ವಸಂತದಲ್ಲಿ ಜಾಗ್ರೆಬಿನಲ್ಲೂ ಅದನ್ನು ನುಡಿಸುತ್ತಾರಂತೆ, ಮಾತು ನನ್ನದಾದ್ದರಿಂದ ಒಪ್ಪಿಗೆಪತ್ರಕ್ಕೆ ನನ್ನ ಸಹಿ ಬೇಕಂತೆ. ಮೊದಲ ಸಲ ಕೇಳಲಿಲ್ಲವಲ್ಲ ಮಹಾರಾಯ, ಈಗ ಯಾಕೆ?

ರೇಡಿಯೊದಲ್ಲಿ ಬಂದದ್ದನ್ನು ಕೇಳಿದೆಯಾ ಅಂತ ಬರೆದಿದ್ದೀಯ. ಹೌದು, ಕೇಳಿದೆ. ನಮ್ಮ ಮನೆಯಲ್ಲಿ ಹಾಕುವ ಹಾಗಿಲ್ಲ, ಪಕ್ಕದ ಮನೆಯ ರಾದೊಯ್ಕಾ ತನ್ನ ರೇಡಿಯೊವನ್ನು ಕಿಟಕಿಯಲ್ಲಿಟ್ಟು ಅರ್ಧ ಊರನ್ನೇ ಅಂಗಳಕ್ಕೆ ಕರೆದಿದ್ದಳು. ಮೊದಲು ಪಿಟೀಲುಗಳು ಗರಗಸ ಹಾಕಿದ ಹಾಗೆ ಕಿರುಗುಟ್ಟಿದವು. ಆಮೇಲೆ ಸದ್ದೇ ಇಲ್ಲ. "ಅಯ್ಯೋ, ಕೆಟ್ಟುಹೋಯ್ತಲ್ಲೇ!" ಎಂದು ರಾದೊಯ್ಕಾ ರೇಡಿಯೊಗೆ ಎರಡು ಏಟು ಹಾಕಿದಳು. ಅದು ಕೆಟ್ಟಿರಲಿಲ್ಲ, ನೀನು ಬರೆದ ಮೌನವಂತೆ ಅದು. ಆ ಮೌನದೊಳಗಿಂದ ಒಬ್ಬ ಹೆಂಗಸು ಎದ್ದಳು, ವುಲೆ. ನನ್ನ ಮಾತು, ನನ್ನ ಧಾಟಿ, ನಾನು ಉಸಿರು ಕಟ್ಟಿ ನಿಂತ ಜಾಗದಲ್ಲೇ ಅವಳೂ ನಿಂತಳು. ನನಗಿಂತ ಚೆನ್ನಾಗಿ ಹಾಡಿದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅವಳು ನಮ್ಮಮ್ಮನಿಗೆ ಒಂದು ಲೋಟ ನೀರು ಕೊಟ್ಟವಳೇ? ಅಮ್ಮನ ಬೆನ್ನು ಉಜ್ಜಿದವಳೇ? ಕೊನೆಗೆ ಚಪ್ಪಾಳೆಯೋ ಚಪ್ಪಾಳೆ. ಅವಳಿಗೆ ಹೂಗುಚ್ಛವನ್ನೂ ಕೊಟ್ಟರಂತೆ, ರೇಡಿಯೊದವನು ಹೇಳಿದ.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಗೋರಿಯ ಮುಂದೆ ಹೆಂಗಸು ಸತ್ತವರ ಹತ್ತಿರ ಏನು ಬೇಕಾದರೂ ದೂರಬಹುದು, ಸ್ಮಶಾನದ ಬಾಗಿಲಲ್ಲಿ ಕೈ ತೊಳೆದಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ ಎನ್ನುವುದು ನಿನಗೆ ಗೊತ್ತಿಲ್ಲವೇ? ಅದೇ ಧೈರ್ಯದ ಮೇಲೆ ತಾನೇ ನಾನು ಹಾಡಿದ್ದು: "ಕೆನೆಯೆಲ್ಲ ವುಲೆಗೆ ಅಮ್ಮಾ, ಪಾತ್ರೆಯ ತಳ ನನಗೆ, ವುಲೆಗೆ ಪಟ್ಟಣದ ಪಿಯಾನೊ, ನನಗೆ ಕುರಿಯ ಗಂಟೆ." ಪುಣ್ಯಾತ್ಮ, ನಿನ್ನ ಹೆಸರನ್ನೂ ಬಿಡದೆ ಹಾಡಿಸಿದ್ದೀಯ! ಐವತ್ತೆರಡು ವರ್ಷದ ನನ್ನ ಹೊಟ್ಟೆಕಿಚ್ಚು ಈಗ ಇಡೀ ದೇಶಕ್ಕೆ ಗೊತ್ತು. ಅಂಗಡಿಗೆ ಹೋದರೆ ಅಂಗಡಿಯವನು ಹಲ್ಲು ಕಿಸಿದು, "ಏನಕ್ಕಾ, ಈಗಲಾದ್ರೂ ಕೆನೆ ಸಿಕ್ತಾ?" ಅನ್ನುತ್ತಾನೆ. ಎರಡು ವಾರದಿಂದ ಉಪ್ಪನ್ನೂ ರಾದೊಯ್ಕಾಳ ಕೈಯಲ್ಲಿ ತರಿಸುತ್ತಿದ್ದೇನೆ.

ಹೊಟ್ಟೆಕಿಚ್ಚು ಇಲ್ಲ ಅಂತ ನಾನು ಹೇಳುವುದಿಲ್ಲ, ಇತ್ತು, ಇದೆ. ತಿಂಗಳಿಗೊಮ್ಮೆ ಅಂಚೆ ಕಚೇರಿಗೆ ನಿನ್ನ ಫೋನು ಬರುವ ದಿನ, ಓಡಾಡಿಕೊಂಡಿದ್ದಾಗ, ಅಮ್ಮ ತಲೆಗೆ ಹೊಸ ವಸ್ತ್ರ ಕಟ್ಟಿಕೊಳ್ಳುತ್ತಿದ್ದಳು, ಮಗ ಫೋನಿನಲ್ಲಿ ನೋಡಿಬಿಡುತ್ತಾನೋ ಎಂಬಂತೆ. ನಿನ್ನ ಪಟವಿದ್ದ ಪತ್ರಿಕೆಯ ಚೂರುಗಳೆಲ್ಲ ಸಂತರ ಪಟದ ಹಿಂದೆ. ಕೊನೆಯ ಐದು ವರ್ಷ ಹಾಸಿಗೆಯಲ್ಲಿ ಅವಳನ್ನು ತಿರುಗಿಸಿ ಮಲಗಿಸಿದವಳು ನಾನು. "ನನ್ನ ಬಗ್ಗೆ ಯಾರ ಹತ್ತಿರವಾದರೂ ಒಂದು ಒಳ್ಳೆಯ ಮಾತು ಹೇಳಿದ್ದೀಯಾ ಅಮ್ಮಾ?" ಎಂದು ಒಮ್ಮೆ ಕೇಳಿದೆ. "ನೀನು ಇಲ್ಲೇ ಇದ್ದೀಯಲ್ಲೇ, ನಿನ್ನ ಬಗ್ಗೆ ಹೇಳೋದೇನು?" ಅಂದಳು. ನನ್ನದು ಅಂತ ಇದ್ದದ್ದು ಆ ಅಳು ಒಂದೇ. ಸುತ್ತಲ ಏಳು ಹಳ್ಳಿಗಳಲ್ಲಿ ಸಾವಾದರೆ ಸ್ತಾಮೆಂಕಾಳನ್ನು ಕರೆಯಿರಿ ಅನ್ನುತ್ತಾರೆ. ಅದನ್ನೂ ನೀನು ಎತ್ತಿಕೊಂಡು ಹೋದೆ. ಮೊನ್ನೆ ಮೇಲಿನ ಕೇರಿಯ ಮುದುಕನ ಮಣ್ಣಿಗೆ ಹೋದೆ, ಬಾಯಿ ತೆರೆದರೆ ನನ್ನ ಕಿವಿಯಲ್ಲಿ ಆ ಗಾಯಕಿಯ ದನಿ. ಸುಮ್ಮನೆ ಕಣ್ಣೀರು ಒರೆಸಿಕೊಂಡು ಬಂದೆ.

ಆದ್ದರಿಂದ ಸಹಿಯ ಮಾತು ಎತ್ತಬೇಡ. ಜಾಗ್ರೆಬಿನವರಿಗೆ ಅಳು ಬೇಕಿದ್ದರೆ ಅವರ ಅಮ್ಮಂದಿರಿಗೆ ಅವರೇ ಅತ್ತುಕೊಳ್ಳಲಿ.

ಚಳಿ ಶುರುವಾಗಿದೆ, ಉಣ್ಣೆಯ ಕಾಲುಚೀಲ ಎರಡು ಜೊತೆ ಹೆಣೆದಿದ್ದೇನೆ, ಬೇರೆ ಪಾರ್ಸೆಲಿನಲ್ಲಿ ಕಳಿಸುತ್ತೇನೆ. ನಮ್ಮ ಮನೆಯ ಸಂತ ನಿನ್ನ ತಲೆಯನ್ನೂ ಹೊಟ್ಟೆಯನ್ನೂ ಕಾಯಲಿ. ರಾದೊಯ್ಕಾ ನಿನ್ನನ್ನು ಕೇಳಿದಳು ಅಂತ ಬರೆ ಅಂದಳು, ಬರೆದಿದ್ದೇನೆ.

ನಿನ್ನ ಅಕ್ಕ,
ಸ್ತಾಮೆಂಕಾ

ಇನ್ನೊಂದು ಮಾತು, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಸಹಿ ಮೊನ್ನೆಯೇ ಹಾಕಿದ್ದೆ, ಬಯ್ಯುವುದೊಂದು ಬಾಕಿ ಇತ್ತು. ಒಪ್ಪಿಗೆಪತ್ರ ಈ ಲಕೋಟೆಯಲ್ಲೇ ಇದೆ. ಅಮ್ಮ ಹೋದ ದಿನ ಬೆಳಿಗ್ಗೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. "ವುಲೆ ಬಂದನೇನೇ?" ಅಂದಳು. ನೀನಿನ್ನೂ ಬಸ್ಸಿನಲ್ಲಿದ್ದೆ. "ಬಂದ" ಅಂದೆ. "ಕೈ ಕೊಡೋ ಮಗನೇ" ಅಂದಳು. ನನ್ನ ಕೈ ಕೊಟ್ಟೆ. ತಡವಿ ನೋಡಿ, "ಪಿಯಾನೊ ಬಾರಿಸಿ ಬಾರಿಸಿ ಎಷ್ಟು ಒರಟಾಗಿದೆಯೋ ನಿನ್ನ ಕೈ" ಎಂದು ಮುತ್ತಿಟ್ಟಳು. ಮತ್ತೆ ಮಾತಾಡಲಿಲ್ಲ. ಆ ಮುತ್ತು ನಿನ್ನದು, ಇಷ್ಟು ದಿನ ನಾನೇ ಇಟ್ಟುಕೊಂಡಿದ್ದೆ. ಇದನ್ನು ನಾನು ಗೋರಿಯ ಮುಂದೆಯೂ ಹಾಡಿಲ್ಲ. ನೀನೂ ಹಾಡಿಗೆ ಹಾಕಬೇಡ.