ಬಾಲ ಕತ್ತರಿಸಿದ ವಾಕ್ಯಗಳು

ಪ್ರೀತಿಯ ಟೀಚರ್,

ರಟ್ಟಿನ ಡಬ್ಬಿ ಕಾರ್ಖಾನೆಗೆ ಸೇರಿಸಿಕೊಳ್ಳುವಾಗ ನಮಗೆ ಮೂರು ಮಾತು ಕೊಟ್ಟಿದ್ದರು: ಕತ್ತರಿಸುವ ಯಂತ್ರಕ್ಕೆ ಸದಾ ಜಾಲರಿ, ಪ್ರತಿ ಪಾಳಿಗೂ ಒಬ್ಬ ನರ್ಸ್, ಪೆಟ್ಟಾದವರ ಕೆಲಸಕ್ಕೆ ಕುತ್ತಿಲ್ಲ. ಜಾಲರಿ ಹೋಯಿತು. ನರ್ಸ್ ಬರಲೇ ಇಲ್ಲ. ಈಗ ನನ್ನ ತಂಗಿಯ ಎರಡು ಬೆರಳು ಹೋಗಿವೆ, ತಪ್ಪು ಅವಳದೇ ಎಂದು ಕೆಲಸವನ್ನೂ ಕಿತ್ತುಕೊಳ್ಳಲು ಹೊರಟಿದ್ದಾರೆ.

ಯಾರಿಗೇ ಪೆಟ್ಟಾದರೂ ಮರುದಿನ ಸೂಪರ್‌ವೈಸರ್ ಇಂಗ್ಲಿಷಿನಲ್ಲಿ ವರದಿ ಬರೆದು ತರುತ್ತಾನೆ. ಪೆನ್ಸಿಲ್ ಗುರುತಿದ್ದಲ್ಲಿ ನಾವೆಲ್ಲ ಸಹಿ ಹಾಕಬೇಕು. ಯಾರೂ ಓದುವುದಿಲ್ಲ. ಈ ಸಲ ನಾನು ಓದಿದೆ ಟೀಚರ್. ನಮ್ಮ ಮಾತಿನಲ್ಲಿ ಹೇಳಿದರೆ ಇಷ್ಟು: ಜಾಲರಿಯನ್ನು ತೆಗೆಯಲಾಗಿತ್ತು. ಎಚ್ಚರಿಕೆಯನ್ನು ನೀಡಲಾಗಿತ್ತು. ಕೈಯನ್ನು ಒಳಗೆ ಇಡಲಾಯಿತು.

ಮೈ ಉರಿಯಿತು, ಬೆನ್ನಿಗೇ ನಗುವೂ ಬಂತು. ಸಂಜೆ ಪಾಠದಲ್ಲಿ ನೀವು ನೂರು ಸಲ ಬರೆಸಿದ ಆ್ಯಕ್ಟಿವ್, ಪ್ಯಾಸಿವ್ ಇದೇ ಅಲ್ಲವೇ? "ಪ್ಯಾಸಿವ್‌ನಲ್ಲಿ ಮಾಡಿದವರ ಹೆಸರು ವಾಕ್ಯದ ಬಾಲಕ್ಕೆ ಹೋಗುತ್ತೆ ಕಣ್ರೇ, ಬೇಡ ಅಂದ್ರೆ ಬಾಲ ಕತ್ತರಿಸಿ" ಅನ್ನುತ್ತಿದ್ದಿರಿ. ನಾನು ಕತ್ತರಿಸದೆ ಬೈಸಿಕೊಳ್ಳುತ್ತಿದ್ದೆ.

ಊಟದ ಹೊತ್ತಿನಲ್ಲಿ ವರದಿಯನ್ನು ಮೇಜಿನ ಮೇಲೆ ಹರವಿ, ಬೇರೆ ಹಾಳೆಯಲ್ಲಿ ಒಂದೊಂದೇ ವಾಕ್ಯವನ್ನು ಆ್ಯಕ್ಟಿವ್‌ಗೆ ತಿರುಗಿಸತೊಡಗಿದೆ. ಎಚ್ಚರಿಕೆ ಕೊಟ್ಟವರು ಯಾರು? "ಯಾವನೂ ಇಲ್ಲ. ಕೊಟ್ಟಿದ್ರೆ ನನ್ನ ಕಿವಿಗೆ ಬೀಳ್ತಿತ್ತು, ಬೈಗುಳ ಒಂದೂ ತಪ್ಪಿಲ್ವಲ್ಲ" ಅಂದ ಅಂಟು ಹಚ್ಚುವ ಅಜ್ಜ. ಬರೆದೆ. ಜಾಲರಿ ತೆಗೆದವರು? ಎಲ್ಲರೂ ತಟ್ಟೆ ನೋಡತೊಡಗಿದರು. ಅವರಿಗೆ ಗೊತ್ತಿತ್ತು. ಕೆಲಸ ಬೇಗ ಸಾಗಲಿ, ಬಿಚ್ಚು ಅಂದವನು ಮ್ಯಾನೇಜರ್. ಸ್ಪ್ಯಾನರ್ ಹಿಡಿದು ಬಿಚ್ಚಿದವಳು ನಾನು.

ಆ ಸಾಲು ಖಾಲಿ ಬಿಟ್ಟೇ ಮನೆಗೆ ಹೋದೆ. ತಂಗಿಗೆ ಹೇಳಿದೆ. ಅವಳು ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಗೊತ್ತು ಕಣೇ ಅಕ್ಕ. ನೀನಾಗೇ ಬಾಯಿ ಬಿಡ್ತೀಯೋ ಇಲ್ವೋ ಅಂತ ಕಾಯ್ತಿದ್ದೆ. ಬರಿ, ಇಬ್ಬರ ಹೆಸರೂ ಬರಿ" ಅಂದಳು.

ಬರೆದೆ ಟೀಚರ್. ಮೊದಲು ನನ್ನ ಹೆಸರು, ಆಮೇಲೆ ಮ್ಯಾನೇಜರನದು. ಇವತ್ತು ಬೆಳಿಗ್ಗೆ ಹದಿನೆಂಟು ಜನ ಓದಿಸಿಕೊಂಡು, ಕೇಳಿ, ತಿಳಿದು ನನ್ನ ಹಾಳೆಗೆ ಸಹಿ ಹಾಕಿದರು. ಸೂಪರ್‌ವೈಸರನ ಕಾಗದಕ್ಕೆ ಒಂದು ಸಹಿಯೂ ಬಿದ್ದಿಲ್ಲ. ನನ್ನ ಕೆಲಸ ಹೋಗಬಹುದು. ಹೋಗಲಿ. ಅವಳ ಕೆಲಸಕ್ಕೆ ಇನ್ನು ಸುಲಭಕ್ಕೆ ಕೈ ಹಾಕಲಾರರು. ನಿನ್ನೆಯವರೆಗೆ ಎದೆಯ ಮೇಲಿದ್ದ ಕಲ್ಲು ಇಳಿದು, ನಿಂತಲ್ಲಿ ನಿಲ್ಲಲಾಗುತ್ತಿಲ್ಲ ನನಗೆ.

ತಂಗಿಯ ಮೇಲೆ ಕಾರ್ಖಾನೆಯವರು ಗುರುವಾರ ನಡೆಸುವ ವಿಚಾರಣೆಗೆ ಮುಂಚೆ ಗೇಟಿನ ಎದುರು ನಾವೆಲ್ಲ ಸೇರುತ್ತಿದ್ದೇವೆ. ನೀವೂ ಬನ್ನಿ, ಇಂಗ್ಲಿಷಿನಲ್ಲಿ ಅವರು ಏನೇ ಓದಿದರೂ ಜನಕ್ಕೆ ಬಿಡಿಸಿ ಹೇಳಿ. ನಿಮ್ಮ ದನಿ ಬಹುಕಾಲ ಗಟ್ಟಿಯಾಗಿರಲಿ.

ಇಂತಿ, ನಿಮ್ಮ ಮೊಂಡು ವಿದ್ಯಾರ್ಥಿನಿ,
ಗುರುವಾರ ಬೆಳಿಗ್ಗೆ ಎಂಟೂವರೆಗೆ ಕಾಯುತ್ತಿರುತ್ತೇನೆ.