ಮಾರುತಿಯ ಪಣತಿಗೆ ಸುರಿದ ಲ್ಯಾವೆಂಡರ್ ಎಣ್ಣೆ

ಸಗರ, ಶಹಾಪುರ ತಾಲೂಕು
೨೩ ಮಾರ್ಚ್ ೨೦೨೫, ರವಿವಾರ

ಸೊಸೆ ಮೌನೇಶ್ವರಿಗೆ,

ನಿನ್ನ ಅತ್ತೆ ಮಲ್ಲಾಬಾಯಿ ಬರೆದದ್ದು. ‘ಪ್ರೀತಿಯ’ ಎಂದು ಶುರು ಮಾಡಬೇಕಂತೆ, ಕೈ ಏಳಲಿಲ್ಲ. ಕಕ್ಕೇರಾದಲ್ಲಿ ತವರಿನ ಅನ್ನ ಮೈಗೆ ಹತ್ತಿದೆಯೇ? ಬೀಗತಿ ಹಣಮಂತಮ್ಮನ ಮೊಣಕಾಲು ನೋವು ಹೇಗಿದೆ? ಮಗಳು ಬಂದು ಕುಳಿತು ತಿಂಗಳಾಯಿತು, ಕಡಿಮೆಯಾಗಿರಲಿಕ್ಕಿಲ್ಲ. ನಾನು ಚೆನ್ನಾಗಿದ್ದೇನೆ. ನೀನು ಕೇಳಲಿಲ್ಲ, ಆದರೂ ಹೇಳಿದೆ. ಫೋನು ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ನಿಮ್ಮೂರ ಸಂತೆಗೆ ತರಕಾರಿ ಒಯ್ಯುವ ರಾಜಾಸಾಬನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಾಲ್ಕನೇ ಕ್ಲಾಸಿನವಳ ಅಕ್ಷರ, ನಗುವುದಿದ್ದರೆ ನಗು.

ಎರಡು ವರ್ಷ ಮಾಳಿಗೆಯ ಮೇಲೆ ನಿನ್ನದೇ ರಾಜ್ಯ. ನಾನು ಮೆಣಸಿನಕಾಯಿ ಒಣಗಿಸುವ ಜಾಗದಲ್ಲಿ ಹಸಿರು ಪರದೆ ಕಟ್ಟಿ, ನಲವತ್ತು ಕುಂಡಗಳಲ್ಲಿ ನೀನು ಆ ಲ್ಯಾವೆಂಡರ್ ಹಚ್ಚಿದೆ. ಥಂಡಿ ಸೀಮೆಯ ಗಿಡ, ನಮ್ಮ ಬಿಸಿಲಿಗೆ ಮೊದಲ ವರ್ಷವೇ ಅರ್ಧ ಸತ್ತವು. “ನೀರು ಭಾಳ ಹಾಕಬ್ಯಾಡ್ರಿ ಅತ್ತಿ, ಬೇರು ಕೊಳೀತಾವ” ಎಂದು ಹೊಲದಲ್ಲೇ ಮುದುಕಿಯಾದ ನನಗೆ ಪಾಠ ಹೇಳಿದೆ. ಹೂವಾದರೂ ಎಂಥದು? ಮುಡಿಯಲು ಬಾರದ ನೀಲಿ ತೆನೆ. ಅದನ್ನು ನನ್ನ ಕುಕ್ಕರಿಗೆ ತುಂಬಿ, ಸೀಟಿ ಕಿತ್ತು ಆ ಜಾಗಕ್ಕೆ ಕೊಳವೆ ಸಿಕ್ಕಿಸಿ, ತಣ್ಣೀರ ಬಕೆಟ್ಟಿನಲ್ಲಿ ಹಾಯಿಸಿ ಹನಿಹನಿ ಎಣ್ಣೆ ಇಳಿಸಿದೆ. ಇಷ್ಟೆಲ್ಲ ಮಾಡಿ ಬಂದದ್ದು ಕಿವಿಗೆ ಹಾಕುವ ಔಷಧಿಯ ಸೀಸೆಯಲ್ಲಿ ಅರ್ಧ! ಆಮೇಲೆ ಎಂಟು ದಿನ ಮನೆಯ ಬೇಳೆಯೆಲ್ಲ ಸಾಬೂನು ನಾತ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುವುದು ಇದಕ್ಕೇ.

ಇನ್ನು ಆ ಶನಿವಾರದ ಮಾತು. ನಮ್ಮಲ್ಲಿ ಎಮ್ಮೆ ಈದರೆ ಮೊದಲ ತುಪ್ಪ ದೇವರಿಗೆ, ಜೋಳ ಬಂದರೆ ಮೊದಲ ಸೇರು ದೇವರಿಗೆ, ಗಾಣದಿಂದ ಕುಸುಬೆ ಎಣ್ಣೆ ಬಂದರೆ ಮೊದಲ ದೀಪ ಮಾರುತಿಗೆ. ಆರು ವರ್ಷದಿಂದ ನೋಡುತ್ತಿದ್ದೀಯಲ್ಲ. ಮನೆಯಲ್ಲಿ ಹೊಸ ಎಣ್ಣೆ ಇಳಿಯಿತು, ನಾನು ಗುಡಿಗೆ ಒಯ್ದೆ, ಉರಿಯುತ್ತಿದ್ದ ಪಣತಿಗೆ ಸುರಿದೆ. ಭಗ್ಗನೆ ಹತ್ತಿ ಪೂಜಾರಿ ಬಸವಲಿಂಗನ ಹುಬ್ಬು ಸುಟ್ಟಿತು, ಅಷ್ಟರಲ್ಲಿ ಎಣ್ಣೆಯೂ ಮುಗಿಯಿತು. ಸೋಮವಾರ ಹೈದರಾಬಾದಿನ ವ್ಯಾಪಾರಿಗೆ ತೋರಿಸಬೇಕಿತ್ತಂತೆ, ಅವನು ಒಪ್ಪಿದ್ದರೆ ಶಹಾಪುರದಲ್ಲಿ ಮನೆ ಹಿಡಿದು ದೊಡ್ಡ ಭಟ್ಟಿ ಇಟ್ಟು ನೀವಿಬ್ಬರೂ ಅಲ್ಲೇ ಇರುವವರಂತೆ. ನನಗೆ ಯಾರು ಹೇಳಿದ್ದರು? ಗೊತ್ತೇ ಇರಲಿಲ್ಲ. ನೀನು ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಒದರಿದೆ, “ದೀಪ ಹಚ್ಚಿಲ್ರಿ ನೀವು, ನನ್ನ ಎರಡು ವರ್ಷ ಸುಟ್ಟೀರಿ!” ಪುಣ್ಯಕ್ಕೆ ನನ್ನ ಮಗನಿಗೆ ಬುದ್ಧಿ ಇದೆ. “ಅವ್ವಗ ಏನ್ ಗೊತ್ತೈತಿ? ಭಕ್ತಿಲೆ ಹಾಕ್ಯಾಳ, ಸುಮ್ನಿರು” ಎಂದು ಶಿವಶರಣ ಗದರಿದ. ಗಂಡ ಒಂದು ಮಾತು ಅಂದದ್ದಕ್ಕೆ ಬ್ಯಾಗು ಹಿಡಿದು ನಡೆದೆ. ನಾನು ತಡೆಯಲಿಲ್ಲ.

ಈಗ ಅವನು ರೊಟ್ಟಿ ಹಾಕಿದರೆ ತಿನ್ನುತ್ತಾನೆ, ಇಲ್ಲದಿದ್ದರೆ ಇಲ್ಲ. ನಿನಗೆ ಫೋನು ಮಾಡು ಅಂದರೆ, ನನ್ನ ತಾಯಿಯನ್ನು ಹಂಗಿಸಿದವಳಿಗೆ ಯಾಕೆ ಮಾಡಲಿ ಅನ್ನುತ್ತಾನೆ. ನೀನೂ ಹಟದವಳು. ಬರುವುದಿದ್ದರೆ ಬಾ, ಬಿಟ್ಟರೆ ಬಿಡು. ನಾನು ತಪ್ಪಾಯಿತು ಅನ್ನಲಿ ಎಂದು ಕಾಯುತ್ತಿದ್ದರೆ ನಿನ್ನ ಕೂದಲು ಬೆಳ್ಳಗಾಗುತ್ತದೆ.

ಬೀಗತಿಗೆ ನಮಸ್ಕಾರ ಹೇಳು. ಮುತ್ತೈದೆಯಾಗಿ ನೂರು ಕಾಲ ಬಾಳು. ಸಿಟ್ಟಿದ್ದರೂ ಇದನ್ನು ಬರೆಯದೆ ಕಾಗದ ಮಡಚಬಾರದು.

ನಿನ್ನ ಅತ್ತೆ,
ಮಲ್ಲಾಬಾಯಿ

ತಾ.ಕ.: ರಾಜಾಸಾಬ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಗೊತ್ತಿರಲಿಲ್ಲ ಎಂದು ಬರೆದದ್ದು ಸುಳ್ಳು. ಹಿಂದಿನ ದಿನ ಶುಕ್ರವಾರ ನೀವಿಬ್ಬರೂ ಮಾಳಿಗೆಯಲ್ಲಿ ಶಹಾಪುರದ ಮನೆಯ ಮಾತಾಡುವಾಗ ನಾನು ಮೆಟ್ಟಿಲ ಮೇಲಿದ್ದೆ. “ಅತ್ತಿಗಿ ಸದ್ಯಕ್ಕ ಹೇಳೂದು ಬ್ಯಾಡ” ಅಂದೆ ನೀನು. ಆ ಎಣ್ಣೆ ಇಲ್ಲದಿದ್ದರೆ ನೀವು ಹೋಗುವುದಿಲ್ಲ ಅಂದುಕೊಂಡು, ಬೇಕೆಂದೇ ಸುರಿದೆ. ಮಾರುತಿಯ ಹೆಸರು ಮುಂದೆ ಮಾಡಿದೆ. ನನ್ನನ್ನು ನಂಬಿ ಶಿವಶರಣ ನಿನ್ನನ್ನು ಗದರಿದ. ಅವನ ಮುಖ ನೋಡಿ ಹೇಳಲು ತಿಂಗಳಿಂದ ನನಗೆ ಬಾಯಿ ಬರುತ್ತಿಲ್ಲ. ಈ ಕಾಗದ ಹರಿಯಬೇಡ, ಅವನಿಗೆ ತೋರಿಸು.